ಮುದ್ವೀರನೂ ಬೇಳೆ ಬೇಯೋ ನೀರೂ

ಹೂಂ ಅನ್ನಿ, ಹೂಂ ಅಂದ್ರೇನೆ ಹೇಳೋದು! ಒಬ್ಳು ಚೆನ್ನಾಜಮ್ಮ. ಅವಳಿಗೊಬ್ಬ ಮಗ ಮುದ್ವೀರ. ಬಾಗಿಲು ತುಂಬೋ ಆಳು. ಹೇಳಿದ್ದನ್ನ ಹೇಳ್ದಂಗೇ ಮಾಡೋನು, ಅದೇ ಅವಳ ಗೋಳು! ಗಂಡ ಸತ್ತ, ಗೇಯಕ್ಕೆ ಹೊಲ ಇಲ್ಲ. ಮಗನ್ನ ಕಟ್ಕಂಡು ಯಾತ್ರೆ ಬಸ್ಸಿಗೆ ಅಡುಗೆಯೋಳಾಗಿ ಸೇರ್ಕಂಡ್ಳು.

ಯಾತ್ರೆ ಜನ ಹೋಟ್ಲು ನಂಬಲ್ಲ ಕಣ್ರೀ. ಅದೇ ಹೋಟ್ಲು, ಹೋಗ್ತಾ ಇಡ್ಲಿ ಹತ್ತಿ, ಬರ್ತಾ ಇಡ್ಲಿ ಇಟ್ಟಿಗೆ! ಅದಕ್ಕೇ ಬಸ್ಸಲ್ಲೇ ಅಡುಗೆಯೋಳು. ಆದ್ರೆ ನೀರು? ಊರೂರಿಗೆ ನಲ್ಲಿ, ನಲ್ಲಿಗೊಂದು ರುಚಿ. ಒಂದೂರದ್ದು ಸಿಹಿ, ಒಂದೂರದ್ದು ಉಪ್ಪು, ಇನ್ನೊಂದೂರದ್ದು ಕಬ್ಬಿಣ ನೆಕ್ಕಿದಂಗೆ. ಉಪ್ಪು ನೀರಲ್ಲಿ ಬೇಳೆ ಬೇಯುತ್ತಾ? ಬೇಯಲ್ಲ!

ಮೊದಲನೇ ಊರಲ್ಲಿ ಸಾರು ಅಮೃತ. ಎರಡನೇ ಊರಲ್ಲಿ ಬೇಳೆ ಎಲ್ಲಾ ಮರಳು ಮರಳು. ಬಸ್ಸಿನ ಯಜಮಾನ ಪಂಚಾಕ್ಷರಿ ತಟ್ಟೆ ತಳ್ಳಿದ.

"ಏನಮ್ಮಾ, ನಿನ್ ಕೈಯೂ ಹೋಟ್ಲಾಯ್ತಾ?"

"ಕೈ ಅದೇ ಸ್ವಾಮಿ, ನೀರು ಬೇರೆ."

"ಜನಕ್ಕೆ ನಾನೇನು ಹೇಳ್ಲಿ? ಹಿಂಗೇ ಆದ್ರೆ ಇಳಿಸ್ಬಿಡ್ತೀನಿ, ನೋಡ್ಕೋ!"

ನೀರು ತರೋ ಕೆಲಸ ಮುದ್ವೀರಂದು. ಚೆನ್ನಾಜಮ್ಮ ಮಗನ್ನ ಕರೆದ್ಳು. "ಲೋ ಪೆದ್ದಾ! ಸಿಕ್ಕಿದ್ ನೀರು ಹಿಡಿದು ತರ್ತಾರೇನೋ? ಕುಡಿದು ನೋಡ್ಬೇಕು ಕಣೋ!"

"ಹೂಂ ಕಣವ್ವಾ!"

ಮುಂದಿನ ಊರು ಬಂತು. ಹೋದ, ಬಿಂದಿಗೆ ತುಂಬಿದ, ಕುಡಿದ. ಕುಡಿದ, ಕುಡಿದ, ತಳ ಕಾಣೋ ತನಕ ಕುಡಿದ! ಹೊಟ್ಟೆ ಡೊಳ್ಳು ಮಾಡ್ಕಂಡು, ಖಾಲಿ ಬಿಂದಿಗೆ ಹೊತ್ಕಂಡು ಬಂದ.

"ಪೂರಾ ಚೆನ್ನಾಗಿತ್ತು ಕಣವ್ವಾ!"

"ಅಯ್ಯೋ ನನ್ ಕರ್ಮವೇ! ನೀನು ಕುಡೀಬೇಡ. ಜನ ಸಾಲುಗಟ್ಟಿರ್ತಾರಲ್ಲ, ಅಲ್ಲಿ ಹೋಗಿ ನಿಂತ್ಕೋ!"

"ಹೂಂ ಕಣವ್ವಾ!"

ಅದರ ಮುಂದಿನ ಊರಲ್ಲಿ ಸಾಲು ಸಿಕ್ತು, ಏನ್ ಉದ್ದದ ಸಾಲು ಅಂತೀರಿ! ನಿಂತ. ಸರದಿ ಬಂತು. ವಾಪಸ್ ಬಂದಾಗ ನೋಡಿದ್ರೆ ಬಿಂದಿಗೆ ಖಾಲಿ, ಒಂದು ಕಣ್ಣಿಗೆ ಬಿಳೀ ಪಟ್ಟಿ. ಕಣ್ಣಿನ ಶಿಬಿರದ ಸಾಲು ಕಣ್ರೀ ಅದು!

ಚೆನ್ನಾಜಮ್ಮ ನಗ್ಲೋ ಅಳ್ಲೋ? ಪಟ್ಟಿ ಬಿಚ್ಚಿದ್ಳು, ಕಣ್ಣು ಒರೆಸಿದ್ಳು. "ಕುಡಿದೋರು ಹಾ ಅನ್ನೋ ನೀರು ತಾರೋ, ನನ್ನಪ್ಪಾ."

ಮಾರನೇ ದಿನ ಒಳ್ಳೇ ನೀರೇ ಸಿಕ್ತು. ಆದ್ರೆ ಹಾ ಅನ್ಬೇಕಲ್ಲ? ದಾರೀಲಿ ಹೋಗೋರಿಗೆಲ್ಲ ಕುಡಿಸಿದ. ಟಾಂಗಾದೋನು ಹಾ ಅಂದ. ಹೂ ಮಾರೋಳು ಹಾ ಅಂದ್ಳು. ಬಸ್ ಹತ್ರ ಬರೋ ಹೊತ್ಗೆ ಬರೀ ಹಾ ಉಳೀತು, ನೀರಿಲ್ಲ!

ಅವತ್ತೂ ಬೇಳೆ ಬೇಯ್ಲಿಲ್ಲ. ಪಂಚಾಕ್ಷರಿ ಬೈಯ್ಲೂ ಇಲ್ಲ, ಮೆತ್ತಗೆ ಅಂದ, "ನಾಳೆ ಒಂದು ದಿನ ನೋಡ್ತೀನಮ್ಮಾ." ಬೈದಿದ್ರೇ ವಾಸಿ ಅನ್ನಿಸ್ತು ಅವಳಿಗೆ. ಇಳಿಸಿದ್ರೆ ಎಲ್ಲಿಗೆ ಹೋಗೋದು? ಇವನಿಗೆ ಯಾರು ಅನ್ನ ಹಾಕ್ತಾರೆ?

ಮಗನ ಎರಡೂ ಕೆನ್ನೆ ಹಿಡಿದ್ಳು. "ನಾಳೆ ಸಿಕ್ಕಿದ್ ನೀರನ್ನ ಒಂದು ತೊಟ್ಟೂ ಯಾರಿಗೂ ಕೊಡ್ಬೇಡ. ಯಾರ್ ಕೇಳಿದ್ರೂ! ಕಾಲಿಗೆ ಬಿದ್ರೂ! ಆಯ್ತಾ?"

"ಹೂಂ ಕಣವ್ವಾ!"

ಮಾರನೇ ದಿನ ತಂದ ನೋಡಿ, ಬಿಂದಿಗೆ ತುಂಬಾ, ಎಳನೀರಂಥ ನೀರು! ಚೆನ್ನಾಜಮ್ಮನ ಮುಖ ಅರಳ್ತು. ಒಲೆ ಹಚ್ಚಿ, ಬೇಳೆ ಅಳೆದು, ಚೊಂಬು ಚಾಚಿದ್ಳು.

"ಕೊಡೋ."

"ಕೊಡಲ್ಲ!"

"ಲೋ, ನಾನು ಕಣೋ, ನಿಮ್ಮವ್ವ!"

"ಯಾರ್ ಕೇಳಿದ್ರೂ ಅಂದಿದ್ಯಲ್ಲ!"

ಬೈದ್ಳು. ಬೇಡಿದ್ಳು. ಮಗನ ಕಾಲಿಗೂ ಬಿದ್ಳು! ಅವನು ಬಿಂದಿಗೆ ತಬ್ಕಂಡು ಬಸ್ಸಿನ ಹಿಂದಿನ ಏಣಿ ಹತ್ತಿ, ಮೇಲೆ ಹಾಸಿಗೆ ಗಂಟುಗಳ ನಡುವೆ ಕೂತ್ಬಿಟ್ಟ.

ಅಷ್ಟೊತ್ಗೆ ಪಂಚಾಕ್ಷರಿ ಬಂದ. ಒಲೆ ಉರೀತಾ ಇದೆ, ಪಾತ್ರೆ ಒಣಗಿದೆ. ಅವಳ ಟ್ರಂಕು ರಸ್ತೆ ಪಕ್ಕ ಇಳಿಸಿದ. "ಹತ್ರಪ್ಪಾ ಎಲ್ರೂ, ಮುಂದಿನೂರಲ್ಲಿ ಹೋಟ್ಲಿದೆ!" ಜನ ಹತ್ತಿದ್ರು. ಬಸ್ ಹೊರಡ್ತು.

"ನಿಲ್ಸೀ! ನನ್ ಮಗ ಮೇಲವ್ನೆ! ನಿಲ್ಸೀ!"

ಓಡಿದ್ಳು, ಕೈಯಲ್ಲಿ ಚೊಂಬು ಹಂಗೇ ಇತ್ತು. ಹಾರನ್ ಸದ್ದಲ್ಲಿ ಯಾರಿಗೆ ಕೇಳ್ಬೇಕು?

ಮುದ್ವೀರನಿಗೆ ಕಾಣ್ತು, ಅವ್ವ ಚೊಂಬು ಎತ್ತಿ ಎತ್ತಿ ಓಡಿ ಬರ್ತಿರೋದು. ಬಿಂದಿಗೆ ಬಾಯಿಗೆ ಎರಡೂ ಕೈ ಮುಚ್ಚಿ, ಖುಷಿಯಾಗಿ ಕೂಗ್ದ:

"ಅಳ್ಬೇಡ ಕಣವ್ವಾ! ನೀನ್ ಎಷ್ಟು ದೂರ ಓಡಿ ಬಂದ್ರೂ ಒಂದು ತೊಟ್ಟೂ ಕೊಡಲ್ಲ!"