ದೊರೆಯ ಮಂಡಿನೋವಿನ ಮೂರು ಒಗಟು

"ಕೇಳಿರಪ್ಪೋ ಕೇಳಿ! ದೊರೆ ಗಜಪಾಲರ ಮಂಡಿನೋವಿಗೆ ಮದ್ದಿದೆ ಅನ್ನುವವರು ಮೊದಲು ಅವರ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದರೆ ಹತ್ತು ಊರಿನ ಉಂಬಳಿ, ತಪ್ಪಿದರೆ ತಲೆದಂಡ!"

ಡಂಗುರ ಕೇಳಿದ್ದೇ ತಡ, ಎತ್ತಿಗೆ ಲಾಳ ಕಟ್ಟುವ ಬೊಮ್ಮನ ಕೈಯಿಂದ ಸುತ್ತಿಗೆ ಜಾರಿ ಹೆಬ್ಬೆರಳಿನ ಮೇಲೆ ಬಿತ್ತು. ತೈಲ ಮಾರುವ ಅವನ ಸೋದರಮಾವ ಮುದ್ದಯ್ಯ ಬೆಳಗ್ಗೆಯೇ ಬುಡ್ಡಿ ಹಿಡಿದು ಅರಮನೆಗೆ ಹೋಗಿದ್ದ!

ಆ ನೋವು ಅಂತಿಂಥದ್ದಲ್ಲ. ದೊರೆ ಏಳುವಾಗ ಮಂಡಿ ಲಟಕ್ಕೆಂದರೆ ಮೂರು ಗಾವುದದಾಚೆ ಮಲಗಿದ್ದ ಹುಲಿ ಎದ್ದು ಓಡುತ್ತಿತ್ತು. ಏಳು ವರ್ಷದಲ್ಲಿ ಅವರು ಜೇನುಹುಳುಗಳಿಂದ ಕಚ್ಚಿಸಿಕೊಂಡಿದ್ದರು, ತಾಮ್ರದ ಬಳೆ ತೊಟ್ಟಿದ್ದರು, ಬಿಸಿ ಮರಳಲ್ಲಿ ಕುತ್ತಿಗೆವರೆಗೂ ಹೂತುಕೊಂಡಿದ್ದರು. ಯಾರೋ ದಾರಿಹೋಕ ಅವರ ತಲೆಯನ್ನು ಕುಂಬಳಕಾಯಿ ಅಂದುಕೊಂಡು ಕೀಳಲು ಬಂದಿದ್ದನಂತೆ.

ಬೊಮ್ಮ ಓಡಿದ. ಆಸ್ಥಾನಕ್ಕೆ ಕಾಲಿಟ್ಟು ನೋಡಿದರೆ, ಮಾವ ಒಗಟಿಗೆ ಸೋತು ಕತ್ತು ಬಗ್ಗಿಸಿ ಕೂತಿದ್ದಾನೆ, ಪಕ್ಕದಲ್ಲಿ ಕತ್ತಿ ಹಿಡಿದ ಭಟ!

"ಬುದ್ಧೀ, ಒಗಟು ನನಗೆ ಹೇಳಿ. ಬಿಡಿಸಿದರೆ ಮಾವನನ್ನು ಬಿಡಿ. ಸೋತರೆ ನನ್ನ ತಲೆಯನ್ನೂ ಸೇರಿಸಿಕೊಳ್ಳಿ."

"ಲೋ ಬೊಮ್ಮ! ನಿಮ್ಮವ್ವನಿಗೆ ನಾನು ಏನಂತ ಹೇಳಲೋ?" ಎಂದು ಮಾವ ಕೂಗಿದ.

"ಹೇಳೋಕೆ ತಲೆ ಇರಬೇಕಲ್ಲ ಮಾವ, ಸುಮ್ಮನಿರು."

ದೊರೆ ಮಂಡಿ ನೀವಿಕೊಳ್ಳುತ್ತ ಕೇಳಿದರು: "ಹಿಂದೊಮ್ಮೆ ಅಮಾವಾಸ್ಯೆಯಿಂದ ಬಲಮಂಡಿಗೆ ತೈಲ ತಿಕ್ಕಿಸಿದೆ, ಹುಣ್ಣಿಮೆಗೆ ನೋವು ಇಳಿಯಿತು. ಎಡಮಂಡಿಗೆ ಏನೂ ಹಚ್ಚಲಿಲ್ಲ, ಅದೂ ಹುಣ್ಣಿಮೆಗೇ ಇಳಿಯಿತು. ಎಡಮಂಡಿಯ ವೈದ್ಯ ಯಾರು? ತೈಲ ಎಲುಬಿನೊಳಗೆ ಹರಿದು ಆ ಕಡೆಗೂ ಹೋಯಿತು ಅಂದ ನಿನ್ನ ಮಾವ."

"ಬರೀ ದಿನ ಕಳೆದದ್ದು ಬುದ್ಧೀ. ಜೋಡೆತ್ತು ಎರಡೂ ಕುಂಟಿದರೆ ನಾನು ಒಂದಕ್ಕೆ ಮಾತ್ರ ಮದ್ದು ಹಚ್ಚಿ ಇನ್ನೊಂದನ್ನು ಹಾಗೇ ಬಿಟ್ಟು ನೋಡ್ತೀನಿ. ನೋವು ಎಷ್ಟೋ ಸಲ ತಾನಾಗಿ ಬರ್ತದೆ, ತಾನಾಗಿ ಹೋಗ್ತದೆ. ಆ ಹೊತ್ತಿಗೆ ಯಾರು ಪಕ್ಕದಲ್ಲಿರ್ತಾರೋ ಅವರೇ ವೈದ್ಯರು."

ದೊರೆಯ ಹುಬ್ಬು ಮೇಲೇರಿತು.

"ಒಂದೇ ಗಡಿಗೆಯ ಗಂಜಿ. ಮಣ್ಣಿನ ಕುಡಿಕೆಯಲ್ಲಿ ಕುಡಿದೆ, ನೋವು ಕದಲಲಿಲ್ಲ. ಅದನ್ನೇ ಹಿಮದ ಬೆಟ್ಟದ ಬೇರಿನ ಕಷಾಯ ಅಂತ ಚಿನ್ನದ ಬಟ್ಟಲಲ್ಲಿ ಕೊಟ್ಟರು, ಅರ್ಧ ನೋವು ಹೋಯಿತು. ಆ ಗುಣ ಎಲ್ಲಿತ್ತು?"

"ಚಿನ್ನದಲ್ಲಿ!" ಎಂದು ನಡುವೆ ಬಾಯಿ ಹಾಕಿದ ರಾಜವೈದ್ಯ. ಭಟ ಅವನನ್ನೂ ಎಳೆದು ಮಾವನ ಪಕ್ಕ ಕೂರಿಸಿದ. ಬೊಮ್ಮ ಕೈಮುಗಿದ.

"ಬುದ್ಧೀ... ನಿಮ್ಮ ನಂಬಿಕೆಯಲ್ಲಿ."

"ನಾನೇ ಮೋಸಹೋದೆನೇನೋ?" ದೊರೆ ಗುಡುಗಿದರು. ಭಟನ ಕತ್ತಿ ಮೇಲೆದ್ದಿತು. ಆಮೇಲೆ ದೊರೆಯೇ ಮೆಲ್ಲಗೆ, "ಹೌದು, ಹೋದೆ" ಎಂದರು. ಸಭೆಗೆ ಉಸಿರು ಬಂತು.

"ಕೊನೆಯದು. ನೂರು ವೈದ್ಯರು ಬಂದರು. ಒಬ್ಬೊಬ್ಬನೂ ತನ್ನ ಮದ್ದಿನಿಂದ ವಾಸಿಯಾದವರನ್ನು ಹಿಂಡುಹಿಂಡಾಗಿ ಕರೆತಂದ. ಯಾವನೂ ಕರೆತರದ ಸಾಕ್ಷಿ ಯಾರು?"

ಬೊಮ್ಮ ಯೋಚಿಸಿದ. ವಾಸಿಯಾದವರೆಲ್ಲ ತಾವಾಗಿ ನಡೆದು ಬಂದಿರಬೇಕು. ಹಾಗಾದರೆ...

"ವಾಸಿಯಾಗದವರು ಬುದ್ಧೀ! ಕಾಲು ಬಾರದೆ ಮನೆಯಲ್ಲೇ ಬಿದ್ದಿದ್ದಾರೆ. ಅವರನ್ನು ಯಾರು ಎಣಿಸಿದರು?"

ದೊರೆ ಬೆಚ್ಚಿಬಿದ್ದು ಎದ್ದೇ ನಿಂತರು. ಮಂಡಿ ಲಟಕ್ಕೆಂದರೂ ಯಾರೂ ಕಿವಿಗೊಡಲಿಲ್ಲ. ಮಾವನ ಜೊತೆ ರಾಜವೈದ್ಯನಿಗೂ ಬಿಡುಗಡೆಯಾಯಿತು. ಬೊಮ್ಮನಿಗೆ ಹತ್ತು ಊರಿನ ಉಂಬಳಿ, ರಾಜ್ಯದ ಮದ್ದುಗಳನ್ನೆಲ್ಲ ಒರೆಗೆ ಹಚ್ಚುವ ಅಧಿಕಾರ.

"ಈಗ ಮದ್ದು ಹೇಳಪ್ಪ" ಎಂದರು ದೊರೆ.

"ಗೊತ್ತಿಲ್ಲ ಬುದ್ಧೀ."

ಏಳು ವರ್ಷದಲ್ಲಿ ಆ ಮಾತು ಆಡಿದ ವೈದ್ಯನಿಲ್ಲ. ಇಬ್ಬರು ಮಂತ್ರಿಗಳು ಮೂರ್ಛೆ ಹೋದರು.

"ಮಂಡಿನೋವಿನ ನಲವತ್ತು ಜನರನ್ನು ಕೂಡಿಸಿ. ಇಪ್ಪತ್ತು ಜನಕ್ಕೆ ಒರೆಗೆ ಹಚ್ಚುವ ಮದ್ದು, ಇಪ್ಪತ್ತು ಜನಕ್ಕೆ ಅದೇ ಬಣ್ಣದ, ಅದೇ ವಾಸನೆಯ ಬರೀ ನೀರು. ಯಾರಿಗೆ ಯಾವುದು ಅಂತ ತಿಂಗಳು ಮುಗಿಯೋವರೆಗೂ ಯಾರಿಗೂ ಹೇಳೋದಿಲ್ಲ. ನೀವೂ ನಲವತ್ತರಲ್ಲಿ ಒಬ್ಬರು."

"ನನಗೆ ಮದ್ದೋ, ನೀರೋ?"

ಭಟನ ಕತ್ತಿ ಇನ್ನೂ ಒರೆ ಸೇರಿರಲಿಲ್ಲ. ಬೊಮ್ಮ ಅದನ್ನೊಮ್ಮೆ ನೋಡಿದ, ದೊರೆಯನ್ನೊಮ್ಮೆ ನೋಡಿದ.

"ಹೇಳೋದಿಲ್ಲ ಬುದ್ಧೀ."