ಅರ್ಧ ಗಡ್ಡದ ವಾಯಿದೆ

ಜೈಲಿನ ತಪಾಸಣೆಗೆ ಬಂದ ದೊಡ್ಡ ಸಾಹೇಬರಿಗೆ ಹನ್ನೊಂದಕ್ಕೆ ಮಂತ್ರಿಗಳ ಸಭೆ. ಗಡ್ಡ ಬೋಳಿಸಲು, ಜೈಲಿನಲ್ಲಿ ಕ್ಷೌರದ ಕೆಲಸ ಮಾಡುತ್ತಿದ್ದ ಕೈದಿ ಫಕೀರಪ್ಪನನ್ನು ಕರೆಸಿದರು. ಪಂಪ್‌ಸೆಟ್ ಕದ್ದ ಆರೋಪದ ಮೇಲೆ ಅವನು ಮೂರು ವರ್ಷದಿಂದ ಒಳಗಿದ್ದ. ಕೋರ್ಟಿನಲ್ಲಿ ಹದಿನೈದು ದಿನಕ್ಕೊಮ್ಮೆ ವಾಯಿದೆ ಬೀಳುತ್ತಿತ್ತೇ ಹೊರತು ವಿಚಾರಣೆ ಇನ್ನೂ ಶುರುವಾಗಿರಲಿಲ್ಲ.

ಕುರ್ಚಿಗೆ ಒರಗಿದ ಸಾಹೇಬರು ಒಂದು ಕಾಗದ ಚಾಚಿದರು. ‘ಪೊಲೀಸರಿಂದ, ಕೋರ್ಟಿನಿಂದ ನಮಗೆ ನ್ಯಾಯ ಸಿಕ್ಕಿದೆ’ ಅಂತ ಅದರಲ್ಲಿತ್ತು.

“ಎಲ್ಲ ಕೈದಿಗಳೂ ಹೆಬ್ಬೆಟ್ಟು ಒತ್ತಬೇಕು. ನಿನ್ನಿಂದಲೇ ಶುರು. ವಿಚಾರಣೆ ತಡ ಆಗೋದು ಅನ್ಯಾಯ ಅಲ್ಲೋ, ಅದು ಪದ್ಧತಿ.”

“ಹೌದ್ರೀ ಸಾಹೇಬ್ರ,” ಅಂದ ಫಕೀರಪ್ಪ. ಎರಡೂ ಕೆನ್ನೆಗೆ ಸೋಪು ಹಚ್ಚಿದ. ಎಡಗೆನ್ನೆ ನುಣ್ಣಗೆ ಬೋಳಿಸಿದ. ಆಮೇಲೆ ಕತ್ತಿ ಒರೆಸಿ, ಪೆಟ್ಟಿಗೆಗೆ ಹಾಕಿ, ಕೈಕಟ್ಟಿ ನಿಂತ.

“ಬಲಗಡೆದು?”

“ಪದ್ಧತಿ ಪ್ರಕಾರ ಹದಿನೈದು ದಿನಕ್ಕ ವಾಯಿದೆ ಹಾಕೇನ್ರೀ.”

“ಲೇ, ಅರ್ಧ ಗಂಟೆಯಲ್ಲಿ ಸಭೆ ಇದೆ. ಹೀಗೆ ನಡುವೆ ಬಿಡೋದು ಅನ್ಯಾಯ ಅಲ್ವೇನೋ?”

ಫಕೀರಪ್ಪ ಅದೇ ಕಾಗದವನ್ನು ಖಾಲಿ ಬದಿಗೆ ತಿರುವಿ ಅವರ ಮುಂದೆ ಹಿಡಿದ.

“ನಡುವ ಬಿಡೋದು ಅನ್ಯಾಯ ಅಂತ ಈಗ ಹೇಳಿದ್ದನ್ನ ಇಲ್ಲಿ ಬರದು ಸಹಿ ಮಾಡ್ರೀ. ಕೆಳಗ ನಾವೆಲ್ಲಾ ಹೆಬ್ಬೆಟ್ಟು ಒತ್ತತೀವಿ. ಬಲಗಡೆದೂ ಈಗಲೇ ಮುಗಿಸ್ತೀನಿ.”

ಆ ದಿನ ಸಾಹೇಬರು ಹಲ್ಲುನೋವು ಅಂತ ಹೇಳಿ, ಬಲಗೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಮಂತ್ರಿಗಳ ಮುಂದೆ ಕೂತಿದ್ದರಂತೆ.