ಕಡವೆಯ ಗೊರಸು, ಮೊಸಳೆಯ ಹಲ್ಲು

ಒಂದು ಕಾಡಿನಲ್ಲಿ ಸಿಂಹ ಇರಲಿಲ್ಲ. ಆದ್ದರಿಂದ ಅಲ್ಲಿ ಚುನಾವಣೆ ನಡೆಯುತ್ತಿತ್ತು. ಕಳೆದ ಸಲ ಗೆದ್ದು ಅಧ್ಯಕ್ಷನಾದವನು ಶೃಂಗರಾಯ ಎಂಬ ಕಡವೆ. ತಲೆಯ ಮೇಲೆ ಕವಲು ಕವಲಾದ ಕೊಂಬು, ಬಾಯಲ್ಲಿ ಬೆಣ್ಣೆಯಂಥ ಮಾತು. "ನಾನು ಹುಲ್ಲು ತಿನ್ನುವವನು. ಇರುವೆಯನ್ನೂ ತುಳಿದವನಲ್ಲ" ಎಂದು ಹೋದಲ್ಲೆಲ್ಲ ಹೇಳುತ್ತಿದ್ದ. ಪ್ರಾಣಿಗಳು ನಂಬಿದವು. ನಂಬದೆ ಏನು ಮಾಡಿಯಾವು? ಎದುರಿಗೆ ನಿಂತಿದ್ದವನು ತೋಳ.

ಆ ಕಾಡಿನಲ್ಲಿ ಮರಣದಂಡನೆಗೆ ಒಂದು ಪದ್ಧತಿ ಇತ್ತು. ಮೂರು ಗೂಬೆಗಳು ಹಾಡುಹಗಲಲ್ಲಿ ಕೂತು ವಿಚಾರಣೆ ಮಾಡುತ್ತಿದ್ದವು, ಅಂದರೆ ತೂಕಡಿಸುತ್ತಿದ್ದವು. ತಪ್ಪು ಸಾಬೀತಾಯಿತು ಎಂದು ಅವು ಗೊಣಗಿದ ಮೇಲೆ ಹಸಿ ಜೇಡಿಮಣ್ಣಿನ ಮುದ್ದೆಯೊಂದನ್ನು ಅಧ್ಯಕ್ಷನ ಮುಂದೆ ತಂದಿಡುತ್ತಿದ್ದರು. ಅಧ್ಯಕ್ಷ ಅದರ ಮೇಲೆ ಗೊರಸು ಒತ್ತಿದರೆ ಅಪರಾಧಿ ಮೊಸಳೆಯ ಮಡುವಿಗೆ. ಒತ್ತದಿದ್ದರೆ ತನ್ನ ಮನೆಗೆ. ಒತ್ತಲೇಬೇಕು ಎಂದು ಯಾವ ಕಾನೂನೂ ಇರಲಿಲ್ಲ.

ಶೃಂಗರಾಯ ಒಂದೇ ವರ್ಷದಲ್ಲಿ ಮೂರು ಸಲ ಒತ್ತಿದ. ಪ್ರತಿ ಸಲವೂ ಮೊದಲು ಬಗ್ಗಿ, ಮಣ್ಣಿನ ಮೇಲೆ ಇರುವೆ ಇದೆಯೇ ಎಂದು ನೋಡುತ್ತಿದ್ದ. ಇದ್ದರೆ ಉಫ್ ಎಂದು ಮೆಲ್ಲಗೆ ಊದಿ ಕಳಿಸುತ್ತಿದ್ದ. ಎಂಥ ಕರುಣಾಳು ನೋಡಿ! ಸಭೆಗಳಲ್ಲಿ ಮಾತ್ರ "ಮೂವರು ಪಾತಕಿಗಳನ್ನು ನಾನೇ ಮುಗಿಸಿದೆ!" ಎಂದು ಎದೆಯುಬ್ಬಿಸುತ್ತಿದ್ದ. ಸತ್ತವರ ಮನೆಯವರು ಅಳುತ್ತಾ ಬಂದರೆ "ನಾನೇನು ಮಾಡಿದೆ ತಾಯಿ? ನುಂಗಿದ್ದು ಮೊಸಳೆ" ಎನ್ನುತ್ತಿದ್ದ.

ಹೀಗಿರುವಾಗ ಮತ್ತಿಮರದ ಪೊಟರೆಯಲ್ಲಿದ್ದ ಗೊರವಂಕದ ಮೂರು ಮರಿಗಳನ್ನು ಯಾರೋ ತಿಂದುಹಾಕಿದರು. ಮರದ ಬುಡದಲ್ಲಿ ಒಂದು ಮುಳ್ಳು ಸಿಕ್ಕಿತು. ಮುಳ್ಳು ಯಾರದು? ಮುಳ್ಳುಹಂದಿಯದು. ಇನ್ನೇನು ಬೇಕು? ಮುಳ್ಳಪ್ಪ ಎಂಬ ಬಡ ಮುಳ್ಳುಹಂದಿಯನ್ನು ಹಿಡಿದು ತಂದರು. ಒಂದು ಗೂಬೆ ಆಕಳಿಸಿತು, ಇನ್ನೊಂದು ತಲೆಯಾಡಿಸಿತು, ಮೂರನೆಯದು ಕಣ್ಣು ಬಿಡದೆಯೇ "ಸಾಬೀತು" ಎಂದಿತು.

ಮುಳ್ಳಪ್ಪನ ಹೆಂಡತಿ ಕೆಂಚಮ್ಮ ಓಡೋಡಿ ಶೃಂಗರಾಯನ ಹತ್ತಿರ ಬಂದಳು.

"ಸ್ವಾಮಿ, ಆ ಪೊಟರೆ ಎರಡಾಳೆತ್ತರದಲ್ಲಿದೆ. ನಮ್ಮ ಜಾತಿಯಲ್ಲಿ ಮರ ಹತ್ತೋರು ಯಾರಿದ್ದಾರೆ? ನನ್ನ ಗಂಡ ಗೆಡ್ಡೆಗೆಣಸು ತಿನ್ನೋನು. ಮುಳ್ಳು ಅಂತೀರಾ, ಅದು ನಡೆದಲ್ಲೆಲ್ಲ ಉದುರುತ್ತೆ. ನಿಮ್ಮ ಅಂಗಳದಲ್ಲೂ ಎರಡು ಬಿದ್ದಿವೆ ನೋಡಿ!"

ಶೃಂಗರಾಯ ನೋಡಿದ. ನಿಜವಾಗಿಯೂ ಎರಡು ಬಿದ್ದಿದ್ದವು.

"ನೀನು ಹೇಳೋದು ಸರಿ ತಾಯಿ. ಆದರೆ ತೀರ್ಪು ಕೊಟ್ಟೋರು ಗೂಬೆಗಳು. ನುಂಗೋನು ಮೊಸಳೆ. ಬೇಕು ಅಂತ ಕೂಗ್ತಿರೋರು ಜನ. ನಡುವೆ ನಾನು ಸುಮ್ಮನೆ ಕಾಲಿಟ್ಟು ತೆಗೆಯೋನು."

"ಹಾಗಾದ್ರೆ ಕಾಲಿಡಬೇಡಿ ಸ್ವಾಮಿ. ಅಷ್ಟೇ ನಾನು ಕೇಳೋದು."

"ಮುಂದಿನ ತಿಂಗಳು ಚುನಾವಣೆ ಇದೆಯಲ್ಲಮ್ಮಾ!" ಎಂದ ಶೃಂಗರಾಯ. ಆಮೇಲೆ ಇರುವೆ ಇದೆಯೇ ಎಂದು ನೋಡಿ, ಗೊರಸು ಒತ್ತಿದ.

ದಂಡನೆಯ ದಿನ ಇಡೀ ಕಾಡು ಮಡುವಿನ ಬಳಿ ನೆರೆಯಿತು. ಕೆಲವರು ಮರಿಗಳನ್ನೂ ಕರೆತಂದಿದ್ದರು, ಪಾಪ, ಅವೂ ನೋಡಿ ಕಲಿಯಲಿ ಎಂದು. ಮುಳ್ಳಪ್ಪನನ್ನು ದಡಕ್ಕೆ ತಂದು ನಿಲ್ಲಿಸಿದರು. ಆದರೆ ಮೊಸಳೆ ಕಾಣಲಿಲ್ಲ. ಬೇಸಿಗೆಗೆ ಮಡುವಿನ ನೀರು ಇಳಿದು ಕೆಸರಾಗಿತ್ತು. ಮೊಸಳೆ ಹಿಂದಿನ ದಿನವೇ ಯಾರಿಗೂ ಹೇಳದೆ ದೊಡ್ಡ ಹೊಳೆಗೆ ಹೊರಟುಹೋಗಿತ್ತು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ಕೊಂಬೆಯ ಮೇಲಿದ್ದ ಕಾಗೆ ಕೂಗಿತು: "ಅದಕ್ಯಾಕೆ ಚಿಂತೆ? ಅಧ್ಯಕ್ಷರೇ ಇದ್ದಾರಲ್ಲ! ಮೂವರನ್ನು ನಾನೇ ಮುಗಿಸಿದೆ ಅಂತ ಮೊನ್ನೆ ತಾನೇ ಭಾಷಣ ಮಾಡಿದರು. ಕೈ ಪಳಗಿದೆ."

"ಹೌದು ಹೌದು!" ಎಂದವು ಪ್ರಾಣಿಗಳು.

ಶೃಂಗರಾಯ ಎರಡು ಹೆಜ್ಜೆ ಹಿಂದೆ ಸರಿದ. "ಛೇ ಛೇ, ನಾನು ಸಸ್ಯಾಹಾರಿ."

"ತಿನ್ನಿ ಅಂತ ಯಾರು ಹೇಳಿದರು? ತಿವಿದರೆ ಸಾಕು" ಎಂದಿತು ಕಾಗೆ.

"ಇವತ್ತು ದಿನ ಚೆನ್ನಾಗಿಲ್ಲ..."

"ಸಾಯೋನಿಗೆ ಚೆನ್ನಾಗಿರೋ ದಿನ ಯಾವುದು ಸ್ವಾಮಿ?"

ಬೇರೆ ದಾರಿ ಕಾಣದೆ ಶೃಂಗರಾಯ ತಲೆ ತಗ್ಗಿಸಿ, ಕೊಂಬು ಮುಂದೆ ಮಾಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆದ. ಮುಳ್ಳಪ್ಪ ಅವನನ್ನು ನೋಡಿದ. ಓಡಲಿಲ್ಲ. ಮೆಲ್ಲಗೆ ಮಗ್ಗುಲಾಗಿ ಹೊಟ್ಟೆ ತೋರಿಸಿದ.

"ಇಲ್ಲಿ ತಿವೀರಿ ಸ್ವಾಮಿ. ಬೆನ್ನ ಕಡೆ ಮುಳ್ಳಿದೆ, ನಿಮ್ಮ ಮುಖಕ್ಕೆ ಚುಚ್ಚಿಕೊಳ್ಳುತ್ತೆ."

ಆ ಹೊಟ್ಟೆ ಪುಸುಪುಸು ಏರಿ ಇಳಿಯುತ್ತಿತ್ತು. ಶೃಂಗರಾಯ ಕೊಂಬು ಮೇಲೆತ್ತಿ ನಿಂತುಬಿಟ್ಟ. ತಾನು ಮಡುವಿಗೆ ಕಳಿಸಿದ ಯಾರನ್ನೂ ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನನಗಂತೂ ಈ ಜಾಗದಲ್ಲಿ ಅವನ ಮೇಲೆ ಸಿಟ್ಟೇ ಬರುತ್ತದೆ, ಕನಿಕರ ಬರುವುದಿಲ್ಲ.

"ನಿಲ್ಲಿ, ನಿಲ್ಲಿ!" ಎಂದು ಅವನು ಹಿಂದಕ್ಕೆ ಹಾರಿ ಕಿರುಚಿದ. "ಇದರಲ್ಲಿ ಏನೋ ತಪ್ಪಿದೆ! ಪೊಟರೆ ಎರಡಾಳೆತ್ತರದಲ್ಲಿದೆ. ಮುಳ್ಳುಹಂದಿ ಮರ ಹತ್ತುತ್ತಾ? ಗೆಡ್ಡೆ ತಿನ್ನೋನಿಗೆ ಮರಿ ಯಾಕೆ? ಮುಳ್ಳು ಎಲ್ಲಿ ಬೇಕಾದರೂ ಉದುರುತ್ತೆ. ನನ್ನ ಅಂಗಳದಲ್ಲೇ ಎರಡು ಬಿದ್ದಿವೆ! ಇವನು ನಿರಪರಾಧಿ! ಬಿಟ್ಟುಬಿಡಿ!"

ಸಭೆ ಚಪ್ಪಾಳೆ ತಟ್ಟಬಹುದು ಎಂದುಕೊಂಡು ಅವನು ಸುತ್ತ ನೋಡಿದ. ಯಾರೂ ತಟ್ಟಲಿಲ್ಲ.

"ಇದನ್ನೇ ಅಲ್ವಾ ಸ್ವಾಮಿ ನಾನು ಹತ್ತು ದಿನದ ಹಿಂದೆ ಹೇಳಿದ್ದು?" ಎಂದಳು ಕೆಂಚಮ್ಮ. "ಆಗಲೂ ಗೊತ್ತಿತ್ತಲ್ಲ ನಿಮಗೆ. ಆದರೂ ಒತ್ತಿದಿರಿ."

ಆಗ ಗುಂಪಿನ ಹಿಂದಿನಿಂದ ಒಂದು ಮುದಿ ಮೊಲ ಜಾಗ ಮಾಡಿಕೊಂಡು ಮುಂದೆ ಬಂದಿತು. ಕಳೆದ ಮಳೆಗಾಲದಲ್ಲಿ ಅದರ ಮಗನನ್ನು ಇದೇ ಮಡುವಿಗೆ ತಳ್ಳಿದ್ದರು.

"ಅಧ್ಯಕ್ಷರೇ," ಎಂದಿತು ಮೊಲ, "ನನ್ನ ಮಗನ ವಿಷಯದಲ್ಲೂ ನಿಮಗೆ ಹೀಗೇ ಏನಾದರೂ ಗೊತ್ತಿತ್ತಾ?"

"ಅದು... ಮೊಸಳೆ..." ಎಂದ ಶೃಂಗರಾಯ. ಮೊಲ ಕಾಯುತ್ತಾ ನಿಂತಿತು. ನೋಡಲು ಬಂದಿದ್ದ ಪ್ರಾಣಿಗಳಿಗೆಲ್ಲ ಒಮ್ಮೆಲೇ ಮನೆಗೆಲಸ ನೆನಪಾಯಿತು. ತಲೆ ತಗ್ಗಿಸಿಕೊಂಡು, ಮರಿಗಳನ್ನು ಕರೆದುಕೊಂಡು ಒಂದೊಂದಾಗಿ ಜಾರಿಕೊಂಡವು.

ಮುಳ್ಳಪ್ಪ ಹೆಂಡತಿಯ ಜೊತೆ ಮನೆಗೆ ಹೋದ. ಗೊರವಂಕದ ಮರಿಗಳನ್ನು ತಿಂದವನನ್ನು ಅಂದಿನಿಂದ ಹುಡುಕತೊಡಗಿದರು, ಅದುವರೆಗೆ ಅದು ಯಾರಿಗೂ ಹೊಳೆದಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ಶೃಂಗರಾಯನಿಗೆ ಬಿದ್ದದ್ದು ಒಂದೇ ಮತ, ಅದೂ ಅವನದೇ. ಗೊರಸು ಒತ್ತುವವನೇ ಮಡುವಿನ ದಡಕ್ಕೆ ಬಂದು ತನ್ನ ಕೈಯಾರೆ ಕೊಲ್ಲಬೇಕು ಎಂದು ಕಾಡು ಹೊಸ ನಿಯಮ ಮಾಡಿತು. ಆಮೇಲೆ ಬಂದ ಯಾವ ಅಧ್ಯಕ್ಷನೂ ಗೊರಸು ಒತ್ತಲಿಲ್ಲ. ಎಲ್ಲರೂ ಇದ್ದಕ್ಕಿದ್ದಂತೆ ದಯಾವಂತರಾಗಿಬಿಟ್ಟರು!

ಮುದಿ ಮೊಲ ಮಾತ್ರ ದಿನಾ ಬೆಳಿಗ್ಗೆ ಶೃಂಗರಾಯನ ಅಂಗಳಕ್ಕೆ ಬಂದು ಅದೇ ಪ್ರಶ್ನೆ ಕೇಳುತ್ತದೆ. ಅವನು ಹುಲ್ಲು ಬಾಯಲ್ಲಿಟ್ಟುಕೊಂಡೇ ನಿಂತಿರುತ್ತಾನೆ, ನುಂಗಲು ಆಗುವುದಿಲ್ಲ.

ನೀತಿ: ಕೊಲ್ಲಲು ಅಪ್ಪಣೆ ಕೊಟ್ಟವನೂ ಕೊಂದವನೇ, ಹಲ್ಲು ಬೇರೆಯವರದಾದರೆ ಪಾಪ ಬೇರೆಯವರದಾಗುವುದಿಲ್ಲ.